ಬಾಯಿ ವಾಸನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯಿ ವಾಸನೆಯ ವಿಷಯವನ್ನು ಎದುರಿಗೆ ಕೂತು ಕೇಳಲು ಹೆಚ್ಚಿನವರಿಗೆ ಸಂಕೋಚ. ಬೇರೆ ಮಾತೆಲ್ಲ ಮುಗಿದ ಮೇಲೆ, ಎದ್ದು ಹೊರಡುವಾಗ ಮೆಲ್ಲಗೆ ಕೇಳುತ್ತಾರೆ. ಇಲ್ಲವೇ ಪತ್ರ ಬರೆಯುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿಕೊಂಡರೂ ಸಾಕು.

## ಮೊದಲು ತಿಳಿಯಬೇಕಾದ್ದು

ದಿನಾ ಎರಡು ಹೊತ್ತು ಹಲ್ಲುಜ್ಜುತ್ತೇನೆ. ಆದರೂ ವಾಸನೆ ಯಾಕೆ?

ವಾಸನೆ ಹುಟ್ಟುವುದು ಬ್ರಷ್ಷು ಮುಟ್ಟದ ಜಾಗಗಳಲ್ಲಿ: ನಾಲಿಗೆಯ ಹಿಂಭಾಗ, ಹಲ್ಲಿನ ಸಂದು, ವಸಡಿನ ಅಂಚಿನ ಒಳಗೆ. ಅಲ್ಲಿ ಗಾಳಿ ಆಡುವುದಿಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೆ ಅದೇ ಹಿತ. ಅವು ಆಹಾರದ ಚೂರು, ಎಂಜಲು, ಬಾಯಿಯ ಒಳಚರ್ಮದಿಂದ ಉದುರಿದ ಜೀವಕೋಶಗಳು, ವಸಡಿನಿಂದ ಜಿನುಗುವ ರಕ್ತ ಇವುಗಳಲ್ಲಿರುವ ಪ್ರೋಟೀನನ್ನು ಒಡೆಯುತ್ತವೆ. ಸಿಸ್ಟೀನ್, ಮೆಥಿಯೋನಿನ್ ಎಂಬ ಎರಡು ಅಮೈನೋ ಆಮ್ಲಗಳಲ್ಲಿ ಗಂಧಕ ಇರುತ್ತದೆ. ಅವು ಒಡೆದಾಗ ಹೊರಬರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆಯೂ ಮೀಥೈಲ್ ಮರ್ಕ್ಯಾಪ್ಟನ್ ಕೊಳೆತ ಎಲೆಕೋಸಿನಂತೆಯೂ ನಾರುತ್ತವೆ. ಮೂರು ಹೊತ್ತು ಹಲ್ಲುಜ್ಜಿದರೂ ಈ ಜಾಗಗಳನ್ನು ಬಿಟ್ಟರೆ ಏನೂ ಬದಲಾಗುವುದಿಲ್ಲ. ಇವುಗಳಲ್ಲಿ ಎರಡು ಜಾಗಗಳಂತೂ ನಿಮ್ಮ ಕೈಗೇ ಸಿಗುತ್ತವೆ ಎಂಬುದು ಸಮಾಧಾನದ ವಿಷಯ.

ಹೊಟ್ಟೆ ಸರಿಯಿಲ್ಲದಿದ್ದರೆ ಬಾಯಿ ವಾಸನೆ ಬರುತ್ತದಂತೆ. ಹೊಟ್ಟೆಗೇ ಔಷಧಿ ತಗೊಳ್ಳಲಾ?

ಮೊದಲೇ ಬೇಡ. ಹತ್ತು ಜನರಲ್ಲಿ ಎಂಟು ಒಂಬತ್ತು ಜನರಿಗೆ ಕಾರಣ ಬಾಯಿಯಲ್ಲೇ ಇರುತ್ತದೆ. ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುವುದರಿಂದ ಹೊಟ್ಟೆಯ ಗಾಳಿ ತೇಗಿನ ಹೊತ್ತಿನಲ್ಲಿ ಮಾತ್ರ ಮೇಲೆ ಬರುತ್ತದೆ. ಎದೆಯುರಿ, ಹುಳಿತೇಗು, ಮಲಗಿದಾಗ ಗಂಟಲವರೆಗೆ ಆಮ್ಲ ಬರುವುದು ಇವೆಲ್ಲ ಇದ್ದರೆ ಅದಕ್ಕೆ ಬೇರೆಯಾಗಿಯೇ ಚಿಕಿತ್ಸೆ ಮಾಡಿಸಿ. ಗಂಟಲ ಹಿಂದೆ ಅನ್ನನಾಳದ ಗೋಡೆಯಲ್ಲಿ ಚೀಲದಂತೆ ಉಬ್ಬಿ ಅಲ್ಲಿ ಊಟ ನಿಂತು ಕೊಳೆಯುವ ತೊಂದರೆಯೂ ಒಂದಿದೆ. ಅದು ಅಪರೂಪ, ವಯಸ್ಸಾದವರಲ್ಲಿ ಹೆಚ್ಚು. ಗಂಟೆಗಟ್ಟಲೆ ಹಿಂದೆ ತಿಂದದ್ದು ಜೀರ್ಣವಾಗದೆ ಬಾಯಿಗೆ ವಾಪಸು ಬರುವುದು ಅದರ ಗುರುತು. ಇಂಥದ್ದು ಯಾವುದೂ ಇಲ್ಲದೆ ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ನುಂಗುತ್ತಾ ವಸಡಿನ ರೋಗವನ್ನು ಬೆಳೆಯಲು ಬಿಡುವವರೇ ಹೆಚ್ಚು. ನಮಗೆ ಬೇಸರವಾಗುವುದು ಇದಕ್ಕೇ.

ಬೆಳಿಗ್ಗೆ ಎದ್ದಾಗ ಮಾತ್ರ ವಾಸನೆ ಇರುತ್ತೆ. ಇದೂ ರೋಗವಾ?

ಅಲ್ಲ. ನಿದ್ದೆಯಲ್ಲಿ ಎಂಜಲು ಸ್ರವಿಸುವುದು ತೀರಾ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾಗಳನ್ನು ತೊಳೆದುಹಾಕುವವರು ಯಾರೂ ಇರುವುದಿಲ್ಲ. ಬಾಯಿ ತೆರೆದು ಉಸಿರಾಡುವವರಿಗೆ, ಗೊರಕೆ ಹೊಡೆಯುವವರಿಗೆ ಇನ್ನಷ್ಟು. ಬಾಯಿ ತೊಳೆದು ತಿಂಡಿ ತಿಂದ ಮೇಲೆ ಹೋದರೆ ಚಿಂತೆ ಬೇಡ. ತಿಂಡಿಯಾಗಿ ಒಂದೆರಡು ಗಂಟೆಯೊಳಗೆ ಮತ್ತೆ ಶುರುವಾದರೆ ಕಾರಣ ಹುಡುಕಬೇಕು.

ನನ್ನ ಬಾಯಿ ವಾಸನೆ ನನಗೇ ಗೊತ್ತಾಗಲ್ಲ. ಪರೀಕ್ಷೆ ಮಾಡಿಕೊಳ್ಳುವುದು ಹೇಗೆ?

ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗುತ್ತದೆ. ಅಂಗೈಗೆ ಉಸಿರು ಬಿಟ್ಟು ಮೂಸುವುದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಊಟವಾಗಿ ಎರಡು ಗಂಟೆಯ ಮೇಲೆ ಇವನ್ನು ಮಾಡಿ ನೋಡಿ.

ಮಣಿಕಟ್ಟಿನ ಒಳಭಾಗವನ್ನು ನಾಲಿಗೆಯಿಂದ ನೆಕ್ಕಿ, ಹತ್ತು ಸೆಕೆಂಡು ಒಣಗಲು ಬಿಟ್ಟು ಮೂಸಿ. ಇದು ನಾಲಿಗೆಯ ತುದಿಯ ವಾಸನೆ, ಕಡಿಮೆಯೇ ಇರುತ್ತದೆ. ಆಮೇಲೆ ಒಂದು ಚಮಚವನ್ನು ಬೋರಲು ಹಿಡಿದು ನಾಲಿಗೆಯ ಹಿಂಭಾಗದಿಂದ ಮುಂದಕ್ಕೆ ಒಮ್ಮೆ ಎಳೆಯಿರಿ. ಅಂಟಿದ ಲೋಳೆ ಹಳದಿಯಾಗಿ, ದಪ್ಪವಾಗಿದ್ದು ನಾತ ಹೊಡೆದರೆ ಕಾರಣ ಅಲ್ಲಿದೆ. ಮೂರನೆಯದಾಗಿ, ಕಡೆಯ ದವಡೆ ಹಲ್ಲುಗಳ ಸಂದಿಗೆ ಫ್ಲಾಸ್ (ಸಂದು ಸ್ವಚ್ಛ ಮಾಡುವ ದಾರ) ಹಾಕಿ ತೆಗೆದು ದಾರದ ಆ ಭಾಗವನ್ನಷ್ಟೇ ಮೂಸಿ. ಒಂದು ಸಂದು ಮಾತ್ರ ನಾರಿದರೆ ಅದನ್ನು ನೆನಪಿಟ್ಟುಕೊಂಡು ದಂತವೈದ್ಯರಿಗೆ ಹೇಳಿ. ಅದು ಅವರಿಗೆ ಬಹಳ ಉಪಯೋಗದ ಮಾಹಿತಿ.

ಇವೆಲ್ಲಕ್ಕಿಂತ ಖಚಿತವಾದದ್ದು ಇನ್ನೊಬ್ಬರ ಮೂಗು. ಮನೆಯವರಲ್ಲಿ ನಂಬಿಕೆಯ ಒಬ್ಬರನ್ನು ಕೂರಿಸಿಕೊಂಡು, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಆಮೇಲೆ ಮೂಗು ಹಿಡಿದು ಬಾಯಿಂದ ಬಿಡಿ. ಬಾಯಿಂದ ಮಾತ್ರ ಬಂದರೆ ಕಾರಣ ಬಾಯಿ ಅಥವಾ ಗಂಟಲು. ಮೂಗಿನಿಂದ ಮಾತ್ರ ಬಂದರೆ ಮೂಗು, ಸೈನಸ್. ಎರಡರಿಂದಲೂ ಒಂದೇ ಥರದ ವಾಸನೆ ಬಂದರೆ ಅದು ಶ್ವಾಸಕೋಶದಿಂದ ಅಥವಾ ರಕ್ತದ ಮೂಲಕ ಬರುತ್ತಿರಬಹುದು. ಯಾವ ಡಾಕ್ಟರ ಹತ್ತಿರ ಹೋಗಬೇಕೆಂಬುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ.

## ದಿನನಿತ್ಯ ಮಾಡಬೇಕಾದ್ದು

ನಾಲಿಗೆ ಉಜ್ಜಿದರೆ ವಾಂತಿ ಬಂದಂತಾಗುತ್ತೆ. ಹಿಂದಿನವರೆಗೂ ತಲುಪುವುದು ಹೇಗೆ?

ನಾಲಿಗೆಯ ಹಿಂದಿನ ಮೂರನೇ ಒಂದು ಭಾಗದಲ್ಲೇ ಲೋಳೆ ಹೆಚ್ಚು ಕೂರುವುದರಿಂದ ಅಲ್ಲಿಗೆ ತಲುಪಲೇಬೇಕು. ಬ್ರಷ್ಷಿಗಿಂತ ಚಪ್ಪಟೆಯಾದ ಟಂಗ್ ಕ್ಲೀನರ್ ವಾಸಿ: ಎತ್ತರ ಕಡಿಮೆಯಾದ್ದರಿಂದ ಅಂಗುಳಕ್ಕೆ ತಾಗುವುದಿಲ್ಲ, ಓಕರಿಕೆಯೂ ಕಡಿಮೆ.

ತಿಂದ ಕೂಡಲೇ ಮಾಡಬೇಡಿ. ನಾಲಿಗೆಯನ್ನು ಪೂರ್ತಿ ಹೊರಗೆ ಚಾಚಿ. ಜಾರಿದರೆ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದುಕೊಳ್ಳಿ. ಬಾಯಿಂದ ನಿಧಾನ ಉಸಿರು ಬಿಡುತ್ತಾ ಕ್ಲೀನರನ್ನು ಹಿಂದಿಟ್ಟು ಮುಂದಕ್ಕೆ ಎಳೆಯಿರಿ. ಉಸಿರು ಹೊರಹೋಗುವಾಗ ಓಕರಿಕೆ ಕಡಿಮೆ ಬರುತ್ತದೆ. ಪ್ರತಿ ಸಲ ಎಳೆದ ಮೇಲೂ ನಲ್ಲಿ ನೀರಲ್ಲಿ ತೊಳೆಯಿರಿ. ಲೋಳೆ ಬರುವುದು ನಿಲ್ಲುವವರೆಗೆ ಐದರಿಂದ ಹತ್ತು ಸಲ ಎಳೆದರೆ ಸಾಕು. ಮೊದಲ ವಾರ ನಡುಭಾಗದಿಂದ ಶುರುಮಾಡಿ, ದಿನಕ್ಕಿಷ್ಟು ಹಿಂದೆ ಸರಿಯುತ್ತಾ ಹೋಗಿ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಒತ್ತಿ ಹೆರೆಯುವುದು. ನಾಲಿಗೆ ಉರಿದರೆ, ರಕ್ತ ಕಂಡರೆ ಒತ್ತಡ ಜಾಸ್ತಿಯಾಯಿತು ಎಂದರ್ಥ. ಗಾಯವಾದ ನಾಲಿಗೆಯ ಮೇಲೆ ಬ್ಯಾಕ್ಟೀರಿಯಾಗಳಿಗೆ ಇನ್ನಷ್ಟು ಆಹಾರ ಸಿಗುತ್ತದೆ. ಹಾಗೆಯೇ ಹಿಂಬದಿಯಲ್ಲಿ ಕಾಣುವ ದಪ್ಪ ಗುಂಡನೆಯ ಉಬ್ಬುಗಳು ರುಚಿಮೊಗ್ಗುಗಳಿರುವ ಜಾಗ, ಹುಟ್ಟಿನಿಂದ ಇರುವಂಥವು. ಕೊಳೆಯೆಂದುಕೊಂಡು ಅವನ್ನು ಕೀಳಲು ಹೋಗಬೇಡಿ.

ಹಲ್ಲಿನ ಸಂದು ಸ್ವಚ್ಛ ಮಾಡಲು ಫ್ಲಾಸ್ ಬೇಕೇ ಬೇಕಾ?

ಸಂದು ಬಿಗಿಯಾಗಿದ್ದರೆ ಫ್ಲಾಸ್, ಸಡಿಲವಾಗಿದ್ದರೆ ಸಂದಿಗೆಂದೇ ಮಾಡಿದ ಸಣ್ಣ ಬ್ರಷ್ಷು. ಎರಡರಲ್ಲಿ ಒಂದು ದಿನಕ್ಕೊಮ್ಮೆ, ರಾತ್ರಿ ಹಲ್ಲುಜ್ಜುವ ಮುಂಚೆ. ಮೊಣಕೈ ಉದ್ದದ ಫ್ಲಾಸ್ ತೆಗೆದು ಎರಡೂ ನಡುಬೆರಳಿಗೆ ಸುತ್ತಿಕೊಂಡು ಮಧ್ಯೆ ಮೂರು ಸೆಂಟಿಮೀಟರಿನಷ್ಟು ಬಿಡಿ. ಗರಗಸದಂತೆ ಆಡಿಸುತ್ತಾ ಸಂದಿಗಿಳಿಸಿ; ಟಪ್ಪೆಂದು ಒತ್ತಿದರೆ ವಸಡು ಕುಯ್ಯುತ್ತದೆ. ಒಳಗಿಳಿದ ಮೇಲೆ ಒಂದು ಹಲ್ಲಿಗೆ ಅಪ್ಪಿದಂತೆ ಬಳಸಿ ವಸಡಿನ ಅಂಚಿನ ಸ್ವಲ್ಪ ಕೆಳಗಿನವರೆಗೂ ಮೇಲೆ ಕೆಳಗೆ ಉಜ್ಜಿ, ಪಕ್ಕದ ಹಲ್ಲಿಗೂ ಹಾಗೇ ಮಾಡಿ. ಮೊದಲ ಕೆಲವು ದಿನ ರಕ್ತ ಬರಬಹುದು, ನಿಲ್ಲಿಸಬೇಡಿ. ವಾರ, ಹತ್ತು ದಿನದಲ್ಲಿ ಕಡಿಮೆಯಾಗದಿದ್ದರೆ ತೋರಿಸಿ.

ಬ್ರಷ್ಷು ಮೆತ್ತಗಿನದೇ ಇರಲಿ. ವಸಡು ಮತ್ತು ಹಲ್ಲು ಕೂಡುವ ಗೆರೆಗೆ ಓರೆಯಾಗಿ ಹಿಡಿದು, ಎರಡು ನಿಮಿಷ. ಎಳೆಗಳು ಕೆದರಿದರೆ ಅಥವಾ ಮೂರು ತಿಂಗಳಾದರೆ ಬದಲಿಸಿ.

ಯಾವ ಮೌತ್‌ವಾಶ್ ಒಳ್ಳೆಯದು?

ಹೆಸರಿಗಿಂತ ಲೇಬಲ್ಲಿನಲ್ಲಿರುವ ಅಂಶ ನೋಡಿ. ಸತುವಿನ ಲವಣ ಗಂಧಕದ ಅನಿಲಗಳನ್ನೇ ಹಿಡಿದು ವಾಸನೆಯಿಲ್ಲದ ವಸ್ತುವಾಗಿ ಮಾಡುತ್ತದೆ. ಸೀಟೈಲ್‌ಪಿರಿಡಿನಿಯಂ ಕ್ಲೋರೈಡ್ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತದೆ. ಇವೆರಡೂ ಇರುವ, ಆಲ್ಕೋಹಾಲ್ ಇಲ್ಲದ ದ್ರಾವಣ ದಿನಬಳಕೆಗೆ ಸೂಕ್ತ. ಆಲ್ಕೋಹಾಲ್ ಇರುವುದು ಆ ಹೊತ್ತಿಗೆ ಚುರುಕೆನಿಸಿದರೂ ಬಾಯಿ ಒಣಗುವವರಿಗೆ ಆಗಿಬರುವುದಿಲ್ಲ.

ಕ್ಲೋರ್‌ಹೆಕ್ಸಿಡೀನ್ ಇವೆಲ್ಲಕ್ಕಿಂತ ಬಲವಾದದ್ದು. 0.2 ಶೇಕಡಾದ್ದಾದರೆ 10 ಮಿಲಿ, ಒಂದು ನಿಮಿಷ, ದಿನಕ್ಕೆ ಎರಡು ಸಲ. ಇದನ್ನು ದಂತವೈದ್ಯರು ಹೇಳಿದಾಗ, ಹೇಳಿದಷ್ಟು ದಿನ ಮಾತ್ರ ಬಳಸಬೇಕು. ಎರಡು ವಾರ ದಾಟಿದರೆ ಹಲ್ಲು, ನಾಲಿಗೆ ಕಂದುಗಟ್ಟುತ್ತವೆ, ನಾಲಿಗೆಯ ರುಚಿ ಕೆಡುತ್ತದೆ. ಇನ್ನೊಂದು ಮಾತು: ಪೇಸ್ಟಿನ ನೊರೆ ಬರಿಸುವ ರಾಸಾಯನಿಕ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ಹಾಗಾಗಿ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ.

ಯಾವುದೇ ಆಗಲಿ, ಬರೀ ಕೆನ್ನೆಯಲ್ಲಿ ಆಡಿಸಿ ಉಗಿದರೆ ನಾಲಿಗೆಯ ಹಿಂಭಾಗ ತಲುಪುವುದಿಲ್ಲ. ಕತ್ತು ಹಿಂದಕ್ಕೆ ಬಾಗಿಸಿ, ನಾಲಿಗೆ ಚಾಚಿ, "ಆ" ಎನ್ನುತ್ತಾ ಹತ್ತು ಸೆಕೆಂಡು ಗಂಟಲಲ್ಲಿ ಗಳಗಳ ಮಾಡಿ. ಹಲ್ಲುಜ್ಜದೆ, ನಾಲಿಗೆ ತೊಳೆಯದೆ ಬರೀ ಮೌತ್‌ವಾಶ್ ಸುರಿದುಕೊಂಡರೆ ಒಂದೆರಡು ಗಂಟೆಯಲ್ಲಿ ವಾಸನೆ ವಾಪಸು ಬರುತ್ತದೆ.

ಬೆಳ್ಳುಳ್ಳಿ ತಿಂದರೆ ಎಷ್ಟು ಉಜ್ಜಿದರೂ ಹೋಗಲ್ಲ, ಯಾಕೆ?

ಅದರಲ್ಲಿರುವ ಗಂಧಕದ ಒಂದು ವಸ್ತು, ಅಲೈಲ್ ಮೀಥೈಲ್ ಸಲ್ಫೈಡ್, ಕರುಳಿನಿಂದ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಬಾಯಿ ತೊಳೆದರೆ ಅದು ಹೋಗುವಂಥದ್ದಲ್ಲ. ದೇಹ ಅದನ್ನು ಹೊರಹಾಕಲು ಒಂದು ದಿನವೂ ಹಿಡಿಯಬಹುದು. ಊಟದ ಜೊತೆಗೇ ಹಾಲು ಕುಡಿಯುವುದು, ಊಟವಾದ ಕೂಡಲೇ ಹಸಿ ಸೇಬು ಅಥವಾ ಪುದೀನ ಎಲೆ ಅಗಿಯುವುದು ಸ್ವಲ್ಪ ತಗ್ಗಿಸುತ್ತದೆ. ತುಂಬ ಹೊತ್ತು ಬಿಟ್ಟು ಮಾಡಿದರೆ ಪ್ರಯೋಜನ ಕಡಿಮೆ.

ಉಪವಾಸ ಇದ್ದಾಗ, ಅನ್ನ ಬಿಟ್ಟು ಡಯಟ್ ಮಾಡುವಾಗ ವಾಸನೆ ಜಾಸ್ತಿ ಆಗುತ್ತಲ್ಲ?

ಎರಡು ಕಾರಣ. ಅಗಿಯದೆ ಇದ್ದಾಗ ಎಂಜಲು ಕಡಿಮೆ. ಪಿಷ್ಟ ಸಿಗದಿದ್ದಾಗ ದೇಹ ಕೊಬ್ಬನ್ನು ಉರಿಸಿ ಅಸಿಟೋನ್ ಬಿಡುತ್ತದೆ, ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ. ಮೊದಲನೆಯದಕ್ಕೆ ನೀರು ಮತ್ತು ನಾಲಿಗೆಯ ಸ್ವಚ್ಛತೆ ಸಾಕು. ಎರಡನೆಯದು ಆಹಾರ ಬದಲಾಗುವವರೆಗೆ ಇರುತ್ತದೆ.

ಚೂಯಿಂಗ್ ಗಮ್ ಅಗಿದರೆ ಸಾಕಲ್ಲವೇ?

ಸಕ್ಕರೆ ಇಲ್ಲದ್ದಾದರೆ ಊಟದ ನಂತರ ಹತ್ತಿಪ್ಪತ್ತು ನಿಮಿಷ ಅಗಿಯಿರಿ. ಎಂಜಲು ಊರುತ್ತದೆ, ಅದೇ ಲಾಭ. ಸಕ್ಕರೆಯ ಪೆಪ್ಪರ್‌ಮಿಂಟನ್ನು ಇಡೀ ದಿನ ಚೀಪುವುದು ಹುಳುಕಿಗೆ ದಾರಿ. ನಿಂಬೆಹೋಳು ಚೀಪುವ ಅಭ್ಯಾಸವಂತೂ ಬಿಡಿ, ಆಮ್ಲ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ.

ಬಾಯಿ ಯಾವಾಗಲೂ ಒಣಗಿರುತ್ತೆ. ನೀರು ಕುಡಿದರೂ ಅಷ್ಟೇ.

ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ನೋಡಿ. ಅಲರ್ಜಿ, ಖಿನ್ನತೆ, ಮೂತ್ರಕೋಶದ ತೊಂದರೆಗಳಿಗೆ ಕೊಡುವ ಅನೇಕ ಔಷಧಿಗಳು, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳು ಬಾಯಿ ಒಣಗಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಬದಲಿ ಔಷಧಿ ಇದೆಯೇ, ಹೊತ್ತು ಬದಲಿಸಬಹುದೇ ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಒಂದೇ ಸಲ ಲೋಟಗಟ್ಟಲೆ ಕುಡಿಯುವುದಕ್ಕಿಂತ ಆಗಾಗ ಗುಟುಕು ನೀರು ಮೇಲು. ಒಣ ಬಾಯಿಯ ಜೊತೆ ಕಣ್ಣೂ ಒಣಗಿ ಮರಳು ಬಿದ್ದಂತೆ ಉರಿಯುತ್ತಿದ್ದರೆ ಅದನ್ನು ತಪ್ಪದೆ ಹೇಳಿ, ಎಂಜಲು ಗ್ರಂಥಿಗಳ ರೋಗದ ಲಕ್ಷಣ ಇರಬಹುದು. ಎಂಜಲು ಕಡಿಮೆಯಿದ್ದವರಿಗೆ ಹುಳುಕು ಬೇಗ ಹಿಡಿಯುವುದರಿಂದ ಫ್ಲೋರೈಡ್ ಪೇಸ್ಟ್ ತಪ್ಪಿಸಬಾರದು. ಸಿಗರೇಟು ಸೇದುವವರಲ್ಲಿ ಬಾಯಿ ಒಣಗುವುದರ ಜೊತೆಗೆ ವಸಡಿನ ರಕ್ತಸ್ರಾವವೂ ಮರೆಯಾಗುತ್ತದೆ. ರಕ್ತ ಬರುತ್ತಿಲ್ಲ ಎಂದು ಅವರು ನೆಚ್ಚಿಕೊಳ್ಳುವಂತಿಲ್ಲ.

## ಹಲ್ಲು, ವಸಡು, ಗಂಟಲು

ಹಲ್ಲುಜ್ಜುವಾಗ ರಕ್ತ ಬರುತ್ತೆ, ವಾಸನೆಯೂ ಇದೆ. ಎರಡಕ್ಕೂ ಸಂಬಂಧ ಉಂಟಾ?

ಉಂಟು. ವಸಡು ಮತ್ತು ಹಲ್ಲಿನ ನಡುವೆ ಆರೋಗ್ಯವಾಗಿದ್ದಾಗ 1ರಿಂದ 3 ಮಿಲಿಮೀಟರ್ ಆಳದ ಸಂದು ಇರುತ್ತದೆ. ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿದಾಗ ವಸಡು ಊದಿ ಬಿಟ್ಟುಕೊಳ್ಳುತ್ತದೆ. ಸಂದು 4 ಮಿಲಿಮೀಟರ್ ದಾಟಿತೆಂದರೆ ಬ್ರಷ್ಷಾಗಲಿ ಫ್ಲಾಸಾಗಲಿ ತಳ ಮುಟ್ಟುವುದಿಲ್ಲ, ಮನೆಮದ್ದೂ ಮುಟ್ಟುವುದಿಲ್ಲ. ದಂತವೈದ್ಯರು ಸಣ್ಣ ಅಳತೆಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಅಳೆದು, ಗಾರೆ ತೆಗೆದು, ಬೇರಿನವರೆಗೂ ಸ್ವಚ್ಛ ಮಾಡಬೇಕು. ಆರರಿಂದ ಎಂಟು ವಾರ ಬಿಟ್ಟು ಮತ್ತೆ ಅಳೆಸಿಕೊಳ್ಳುವುದನ್ನು ಬಿಡಬೇಡಿ. ಮೊದಲ ಸಲಕ್ಕೆ ಮುಚ್ಚದ ಸಂದುಗಳು ಆಗಲೇ ತಿಳಿಯುವುದು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ತುಂಬ ಜನರಲ್ಲಿದೆ. ಸಡಿಲ ಮಾಡಿದ್ದು ಗಾರೆಯ ಅಡಿಯ ರೋಗ. ಗಾರೆ ಹಲ್ಲುಗಳನ್ನು ಒಟ್ಟಿಗೆ ಹಿಡಿದಿಟ್ಟಿದ್ದರಿಂದ ಅದು ತಿಳಿದಿರಲಿಲ್ಲ, ಅಷ್ಟೇ.

ಒಂದೇ ಕಡೆಯಿಂದ ಕೆಟ್ಟ ರುಚಿ ಬರುತ್ತಿದೆ.

ಊಟ ಸಿಕ್ಕಿಕೊಳ್ಳುವ ಹುಳುಕು, ಅಂಚು ಬಿಟ್ಟ ಹಳೆಯ ಕ್ಯಾಪು, ಅರ್ಧ ಮಾತ್ರ ಹೊರಬಂದು ಮೇಲೆ ವಸಡಿನ ಮುಚ್ಚಳ ಉಳಿದಿರುವ ಕಡೆಯ ದವಡೆ ಹಲ್ಲು, ಬೇರಿನ ಕೀವು ಇವುಗಳಲ್ಲೊಂದು. ಒಂದು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಕ್ಯಾಪ್ ಹಾಕಿದ ಹಲ್ಲಿನ ನರ ತೆಗೆದಿದ್ದರೆ ನೋವು ಗೊತ್ತಾಗುವುದಿಲ್ಲ, ಒಳಗೆ ಕೊಳೆಯುತ್ತಿದ್ದರೂ ವಾಸನೆಯೊಂದೇ ಸುಳಿವು.

ಅಪ್ಪನ ಹಲ್ಲಿನ ಸೆಟ್ ತುಂಬಾ ವಾಸನೆ. ಪೇಸ್ಟಲ್ಲಿ ಉಜ್ಜಿದರೂ ಹೋಗಲ್ಲ.

ಪೇಸ್ಟ್ ಬೇಡ, ಅದರ ಒರಟು ಕಣಗಳು ಸೆಟ್ಟಿನ ಮೇಲೆ ಗೀರು ಮಾಡುತ್ತವೆ, ಗೀರಿನಲ್ಲಿ ಶಿಲೀಂಧ್ರ ಕೂರುತ್ತದೆ. ಸೌಮ್ಯವಾದ ಸೋಪುನೀರಿನಲ್ಲಿ ಪ್ರತ್ಯೇಕ ಬ್ರಷ್ಷಿನಿಂದ ಉಜ್ಜಿ, ವಸಡಿಗೆ ತಾಗುವ ಒಳಬದಿಯನ್ನು ಮುಖ್ಯವಾಗಿ. ಕೈಜಾರಿದರೆ ಒಡೆಯದಿರಲು ಕೆಳಗೆ ನೀರು ತುಂಬಿದ ಪಾತ್ರೆ ಇಟ್ಟುಕೊಳ್ಳಿ. ರಾತ್ರಿ ತೆಗೆದು ತಣ್ಣೀರಲ್ಲಿ ಮುಳುಗಿಸಿಡಬೇಕು. ಬಿಸಿನೀರು ಆಕಾರ ಕೆಡಿಸುತ್ತದೆ. ಬರಿ ವಸಡನ್ನೂ ನಾಲಿಗೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಲು ಹೇಳಿ. ಸೆಟ್ಟಿನಡಿಯ ಅಂಗುಳ ಕೆಂಪಗಾಗಿದ್ದರೆ ಶಿಲೀಂಧ್ರದ ಔಷಧಿ ಬೇಕಾಗುತ್ತದೆ.

ಗಂಟಲಿನಿಂದ ಆಗಾಗ ಬಿಳಿ ಉಂಡೆ ಬರುತ್ತೆ, ಹಿಸುಕಿದರೆ ಭಯಂಕರ ನಾತ. ಏನದು?

ಟಾನ್ಸಿಲ್ ಕಲ್ಲು. ಟಾನ್ಸಿಲ್‌ಗಳ ಮೇಲಿನ ಕುಳಿಗಳಲ್ಲಿ ಆಹಾರದ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಸೇರಿ ಗಟ್ಟಿಯಾದದ್ದು. ಅಪಾಯದ್ದಲ್ಲ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಾರ್ಗಲ್ ಮಾಡಿದರೆ ಎಷ್ಟೋ ಸಲ ತಾನಾಗಿ ಬೀಳುತ್ತದೆ. ಪಿನ್ನು, ಹೇರ್‌ಪಿನ್, ಕಡ್ಡಿಯಿಂದ ಕೀಳಲು ಹೋಗಬೇಡಿ. ಅಲ್ಲಿ ರಕ್ತನಾಳಗಳು ಹೆಚ್ಚು. ಪದೇ ಪದೇ ಕಾಡಿದರೆ ಇ.ಎನ್.ಟಿ. ಡಾಕ್ಟರು ಕುಳಿಗಳನ್ನು ಮಟ್ಟ ಮಾಡುವ, ತೀರಾ ಆದರೆ ಟಾನ್ಸಿಲ್ ತೆಗೆಯುವ ಆಯ್ಕೆಗಳನ್ನು ಹೇಳುತ್ತಾರೆ.

ಮೂರು ವರ್ಷದ ಮಗುವಿನ ಹತ್ತಿರ ಕೆಟ್ಟ ವಾಸನೆ, ಹಲ್ಲೆಲ್ಲ ಚೆನ್ನಾಗಿದೆ.

ಮೂಗು ನೋಡಿ. ಒಂದೇ ಹೊಳ್ಳೆಯಿಂದ ದುರ್ನಾತದ, ಕೀವಿನಂಥ ಸಿಂಬಳ ಬರುತ್ತಿದ್ದರೆ ಮಗು ಮಣಿ, ಕಾಳು, ಸ್ಪಂಜಿನ ಚೂರು ಏನನ್ನೋ ಒಳಗೆ ತುರುಕಿಕೊಂಡಿರಬಹುದು. ಮನೆಯಲ್ಲಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ. ಗುಂಡಿಯಾಕಾರದ ಸಣ್ಣ ಬ್ಯಾಟರಿ ಎಂಬ ಅನುಮಾನವಿದ್ದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಿ; ಕೆಲವೇ ಗಂಟೆಗಳಲ್ಲಿ ಅದು ಒಳಗೆ ಸುಟ್ಟುಹಾಕುತ್ತದೆ. ಎರಡೂ ಹೊಳ್ಳೆ ಕಟ್ಟಿ ಸದಾ ಬಾಯಲ್ಲಿ ಉಸಿರಾಡುವ ಮಕ್ಕಳಿಗೆ ಮೂಗಿನ ಹಿಂದೆ ಇರುವ ಅಡಿನಾಯ್ಡ್ ಗ್ರಂಥಿ ಊದಿದೆಯೇ ಎಂದು ತೋರಿಸಬೇಕು.

## ಸುಲಭವಾಗಿ ಬಗೆಹರಿಯದವು

ಯಾವ ಥರದ ವಾಸನೆಗೆ ಹೆದರಬೇಕು?

ಸಕ್ಕರೆ ಕಾಯಿಲೆ ಇರುವವರ ಉಸಿರು ಹಣ್ಣು ಕೊಳೆತಂತೆ ಸಿಹಿ ವಾಸನೆ ಬಂದು, ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅದು ಜೀವಕ್ಕೆ ಅಪಾಯದ ಸ್ಥಿತಿ. ಸಕ್ಕರೆ ಕಾಯಿಲೆ ಇದೆಯೆಂದು ಇನ್ನೂ ಗೊತ್ತಿಲ್ಲದ ಮಕ್ಕಳಲ್ಲಿ ಇದೇ ಮೊದಲ ಸೂಚನೆಯೂ ಆಗಿರಬಹುದು. ಮೂತ್ರದಂಥ ಅಮೋನಿಯ ವಾಸನೆ ಮೂತ್ರಪಿಂಡ ಸೋಲುತ್ತಿರುವುದನ್ನು, ಸಿಹಿಯ ಜೊತೆ ಮುಗ್ಗಲು ಬೆರೆತಂಥ ವಾಸನೆ ಪಿತ್ತಜನಕಾಂಗದ ತೀವ್ರ ರೋಗವನ್ನು ಸೂಚಿಸಬಹುದು. ಆದರೆ ಆ ಹಂತದಲ್ಲಿ ಊತ, ಕಾಮಾಲೆ, ಸುಸ್ತು ಮುಂತಾದ ಬೇರೆ ಲಕ್ಷಣಗಳೂ ಕಾಣಿಸುತ್ತವೆ. ಬರೀ ವಾಸನೆಯಿಂದ ಇಂಥ ರೋಗ ಊಹಿಸಿಕೊಂಡು ನಿದ್ದೆಗೆಡಬೇಡಿ. ಕಫದಲ್ಲಿ ದುರ್ನಾತ, ಜ್ವರ, ತೂಕ ಇಳಿಕೆ ಇದ್ದರೆ ಶ್ವಾಸಕೋಶ ಪರೀಕ್ಷೆ ಬೇಕು. ವಸಡಿನ ತುದಿಗಳು ಕೊಳೆತು ಬೂದು ಪೊರೆ ಕಟ್ಟಿ, ಮುಟ್ಟಿದರೆ ಜೀವ ಹೋಗುವಷ್ಟು ನೋವಿದ್ದರೆ ಅಂದೇ ದಂತವೈದ್ಯರಿಗೆ ತೋರಿಸಿ.

ಡಾಕ್ಟರು, ಮನೆಯವರು ಎಲ್ಲರೂ ವಾಸನೆ ಇಲ್ಲ ಅನ್ನುತ್ತಾರೆ. ಆದರೆ ಜನ ನನ್ನ ಮುಂದೆ ಮೂಗು ಮುಟ್ಟಿಕೊಳ್ಳುತ್ತಾರೆ.

ನಿಮ್ಮ ಸಂಕಟ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವವರ ಮಾತು ಕೇಳಬೇಡಿ. ಜನ ಮೂಗು ಮುಟ್ಟಿಕೊಳ್ಳಲು ನೂರು ಕಾರಣ. ಒಮ್ಮೆ ಅನುಮಾನ ಬಂತೆಂದರೆ ಪ್ರತಿ ಕೈಸನ್ನೆಯೂ ಸಾಕ್ಷಿಯಂತೆ ಕಾಣತೊಡಗುತ್ತದೆ. ಬಾಯಿಯ ಕೆಟ್ಟ ರುಚಿಯನ್ನೂ ವಾಸನೆ ಎಂದುಕೊಳ್ಳುವವರಿದ್ದಾರೆ. ಮೊದಲು ಅಳತೆ ಮಾಡಿಸಿ: ಗಂಧಕದ ಅನಿಲ ಅಳೆಯುವ ಉಪಕರಣ ಕೆಲವು ದಂತ ಆಸ್ಪತ್ರೆಗಳಲ್ಲಿರುತ್ತದೆ, ಪರಿಣತರು ಮೂಸಿ 0ರಿಂದ 5ರವರೆಗೆ ಅಂಕ ಕೊಡುವ ಕ್ರಮವೂ ಇದೆ. ಬೇರೆ ಬೇರೆ ದಿನ ಅಳೆದರೂ ಏನೂ ಸಿಗದೆ, ಆದರೂ ಜನರ ಮಧ್ಯೆ ಹೋಗಲು ಹೆದರಿಕೆ, ದಿನಕ್ಕೆ ಹತ್ತು ಸಲ ಬಾಯಿ ತೊಳೆಯುವುದು ಮುಂದುವರಿದರೆ ಮನೋವೈದ್ಯರನ್ನು ಕಾಣಿ. ಇದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಇರುವ ತೊಂದರೆ, ಚಿಕಿತ್ಸೆಗೆ ಬಗ್ಗುವಂಥದ್ದು. ಇನ್ನೊಂದು ಮೌತ್‌ವಾಶ್ ಕೊಂಡರೆ ಇದು ಹೋಗುವುದಿಲ್ಲ.

ಜೊತೆಯಲ್ಲಿ ಕೆಲಸ ಮಾಡುವವರಿಗೆ ಬಾಯಿ ವಾಸನೆ ಇದೆ. ಹೇಗೆ ಹೇಳಲಿ?

ಒಬ್ಬರೇ ಇರುವಾಗ, ನೇರವಾಗಿ, ಚುಟುಕಾಗಿ. "ತಪ್ಪು ತಿಳಿಯಬೇಡಿ, ಇತ್ತೀಚೆಗೆ ನಿಮ್ಮ ಬಾಯಿ ವಾಸನೆ ಬರ್ತಿದೆ. ನಿಮಗೆ ಗೊತ್ತಾಗಿರಲಿಕ್ಕಿಲ್ಲ ಅಂತ ಹೇಳಿದೆ, ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ" ಅಂದರೆ ಸಾಕು. ಪೆಪ್ಪರ್‌ಮಿಂಟ್ ಚಾಚುವುದು, ಹೆಸರಿಲ್ಲದ ಚೀಟಿ ಇಡುವುದು ಬೇಡ. ಚೀಟಿ ಸಿಕ್ಕವರು ಆಮೇಲೆ ಎಲ್ಲರನ್ನೂ ಅನುಮಾನಿಸುತ್ತಾ ಕೊರಗುತ್ತಾರೆ.

ಎಲ್ಲಾ ಮಾಡಿ ನೋಡಿದೆ. ಯಾರ ಹತ್ತಿರ ಹೋಗಲಿ, ಹೋಗುವಾಗ ಏನು ತಯಾರಿ?

ನಾಲಿಗೆ, ಸಂದು, ಬ್ರಷ್ಷು ಮೂರನ್ನೂ ಒಂದು ದಿನವೂ ಬಿಡದೆ ಎರಡು ವಾರ ಮಾಡಿ. ಆಮೇಲೂ ಇದ್ದರೆ ಮೊದಲು ದಂತವೈದ್ಯರು. ಅವರು ಬಾಯಲ್ಲಿ ಏನೂ ಇಲ್ಲವೆಂದರೆ ಇ.ಎನ್.ಟಿ., ಆಮೇಲೆ ಸಾಮಾನ್ಯ ವೈದ್ಯರು. ಮೀನಿನಂಥ ವಾಸನೆ ಉಸಿರು, ಬೆವರು, ಮೂತ್ರ ಎಲ್ಲದರಲ್ಲೂ ಇದ್ದರೆ ಟ್ರೈಮೀಥೈಲಮಿನ್ಯೂರಿಯ ಎಂಬ ಅಪರೂಪದ ಆನುವಂಶಿಕ ತೊಂದರೆಯನ್ನು ಹೆಸರಿಟ್ಟೇ ಕೇಳಿ, ಮೂತ್ರಪರೀಕ್ಷೆಯಲ್ಲಿ ತಿಳಿಯುತ್ತದೆ.

ಪರೀಕ್ಷೆಯ ದಿನ ಬಾಯಿ ಘಮಘಮಿಸಿಕೊಂಡು ಹೋದರೆ ಡಾಕ್ಟರಿಗೆ ಏನೂ ಸಿಗುವುದಿಲ್ಲ. ಎರಡು ದಿನ ಮುಂಚಿನಿಂದ ಬೆಳ್ಳುಳ್ಳಿ, ಈರುಳ್ಳಿ ಬಿಡಿ. ಹಿಂದಿನ ರಾತ್ರಿಯಿಂದ ಮೌತ್‌ವಾಶ್, ಗಮ್, ಸಿಗರೇಟು, ಸೆಂಟು ಬೇಡ. ಬೆಳಗಿನ ಹೊತ್ತಿಗೆ ಸಮಯ ತೆಗೆದುಕೊಳ್ಳಿ. ಕಳೆದ ತಿಂಗಳೊಳಗೆ ಆ್ಯಂಟಿಬಯಾಟಿಕ್ ನುಂಗಿದ್ದರೆ ಮೊದಲೇ ತಿಳಿಸಿ, ಅದು ಬ್ಯಾಕ್ಟೀರಿಯಾಗಳನ್ನು ತಾತ್ಕಾಲಿಕವಾಗಿ ತಗ್ಗಿಸಿ ಪರೀಕ್ಷೆಯ ದಾರಿ ತಪ್ಪಿಸುತ್ತದೆ. ವಾಸನೆ ಯಾವ ಹೊತ್ತಿನಲ್ಲಿ ಹೆಚ್ಚು, ಯಾರು ಹೇಳಿದರು, ಯಾವ ಮಾತ್ರೆಗಳಿವೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಾಧ್ಯವಾದರೆ ವಾಸನೆ ಗುರುತಿಸಿದವರನ್ನೂ ಕರೆದುಕೊಂಡು ಹೋಗಿ.